ಐವತ್ತು ವರ್ಷ ತಡವಾದ ಬಸ್ಸು

ನಮ್ಮ ಚಿಕ್ಕಪ್ಪ ದೇವರನ್ನು ಅಷ್ಟಾಗಿ ನಂಬುವುದಿಲ್ಲ, ದೆವ್ವವನ್ನು ನಂಬುವುದೇ ಇಲ್ಲ, ಫೋನಿನಲ್ಲಿ ಬರುವ ಹವಾಮಾನ ವರದಿಯ ವಿಷಯವನ್ನಂತೂ ಅವರ ಮುಂದೆ ಎತ್ತಲೇಬೇಡಿ. ಆದರೆ ಶಿಕಾಗೋದಲ್ಲಿ ಐವತ್ತು ವರ್ಷಗಳ ಹಿಂದೆ ನಿಂತುಹೋದ ಬಸ್ಸೊಂದು ಇನ್ನು ಐದೇ ನಿಮಿಷದಲ್ಲಿ ಬರುತ್ತದೆ ಎನ್ನುತ್ತಾರೆ! ಬಂದೇ ಬರುತ್ತದಂತೆ, ಸ್ವಲ್ಪ ತಡವಾಗಿದೆಯಂತೆ, ಅಷ್ಟೇ. ಐವತ್ತು ವರ್ಷ ಅಂದರೆ ಸ್ವಲ್ಪವೇ ಚಿಕ್ಕಪ್ಪ ಎಂದು ಕೇಳಿದರೆ, "ಮೈಸೂರಲ್ಲಿ ಸಿಟಿ ಬಸ್ಸಿಗೆ ಕಾದೋರಮ್ಮ ನಾವು, ನಮಗೆ ಇದೇನು ಮಹಾ!" ಎಂದು ಬಾಯಿ ಮುಚ್ಚಿಸುತ್ತಾರೆ.

ಅದು ಎಂಥ ಬಸ್ಸು ಎಂದು ಮೊದಲು ಹೇಳಿಬಿಡಬೇಕು. ಟ್ರಾಲಿಬಸ್ ಅಂತ. ನೋಡುವುದಕ್ಕೆ ಮಾಮೂಲಿ ಬಸ್ಸೇ, ರಬ್ಬರ್ ಚಕ್ರವೇ, ಹಳಿ ಇಲ್ಲ. ಆದರೆ ತಲೆಯ ಮೇಲೆ ಜಿರಲೆ ಮೀಸೆಯ ಹಾಗೆ ಎರಡು ಉದ್ದನೆಯ ಕೋಲು. ರಸ್ತೆಯ ಮೇಲೆ ಜೋಡಿ ತಂತಿ ಎಳೆದಿರುತ್ತಾರೆ. ಕೋಲಿನ ತುದಿ ಆ ತಂತಿಯನ್ನು ಸವರುತ್ತ ಕರೆಂಟು ಕುಡಿಯುತ್ತ ಹೋಗುತ್ತದೆ. ಹೊಗೆ ಇಲ್ಲ, ಗಡಗಡ ಇಲ್ಲ, ಸಣ್ಣಗೆ ಊಂ ಎನ್ನುವುದೊಂದೇ. ಎಷ್ಟು ಮೆತ್ತಗೆ ಬರುತ್ತಿತ್ತೆಂದರೆ, ಕೆಲವು ದೇಶಗಳಲ್ಲಿ ಜನ ಅದಕ್ಕೆ "ಸದ್ದಿಲ್ಲದ ಸಾವು" ಎಂದು ಅಡ್ಡಹೆಸರು ಇಟ್ಟಿದ್ದರಂತೆ. ಈ ಮಾಹಿತಿಯನ್ನು ಚಿಕ್ಕಪ್ಪ ನನ್ನ ಮಗಳ ಹುಟ್ಟುಹಬ್ಬದಲ್ಲಿ, ಕೇಕ್ ಕತ್ತರಿಸುವ ಹೊತ್ತಿಗೆ ಸರಿಯಾಗಿ ಹಂಚಿಕೊಂಡರು.

ಚಿಕ್ಕಪ್ಪ ಹೈ ಟೆನ್ಷನ್ ಲೈನುಗಳಲ್ಲಿ ಜೀವ ತೇಯ್ದು ನಿವೃತ್ತರಾದ ಎಂಜಿನಿಯರು. ಅವರೂ ಚಿಕ್ಕಮ್ಮನೂ ಇರುವುದು ಶಿಕಾಗೋ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ. ಒಬ್ಬಳೇ ಮಗಳು, ನನ್ನ ತಂಗಿ, ಡೆಟ್ರಾಯಿಟ್ ಹತ್ತಿರದ ನೋವೈನಲ್ಲಿದ್ದಾಳೆ. ನಾನು ಅರ್ಧ ಗಂಟೆ ದೂರದ ಪ್ಲೇನ್‌ಫೀಲ್ಡ್‌ನಲ್ಲಿರುವುದರಿಂದ ಚಿಕ್ಕಪ್ಪನ ಮೇಲಿನ ದೂರುಗಳೆಲ್ಲ ನನ್ನ ಕಿವಿಗೇ ಬಂದು ಬೀಳುತ್ತವೆ.

ಟ್ರಾಲಿಬಸ್ಸಿನ ಹುಚ್ಚು ಹಿಡಿದದ್ದು ಎರಡು ವರ್ಷದ ಹಿಂದೆ, ಇದ್ದಕ್ಕಿದ್ದ ಹಾಗೆ. ಅದಕ್ಕೆ ಮುಂಚೆ ಅವರಿಗೆ ಬಸ್ಸೆಂದರೆ ಬಸ್ಸು, ಅಷ್ಟೇ. ಆಮೇಲೆ ನೋಡಿ, ಯಾವ ಮನೆಗೆ ಹೋದರೂ ಅದೇ ಪುರಾಣ! ನೇಪರ್‌ವಿಲ್‌ನಲ್ಲಿ ಒಂದು ಸತ್ಯನಾರಾಯಣ ಪೂಜೆ. ಬೆಂಗಳೂರಿನಿಂದ ಆಗ ತಾನೇ ಬಂದಿದ್ದ ಹುಡುಗನೊಬ್ಬ ಚಿಕ್ಕಪ್ಪನ ಪಕ್ಕ ಕೂತು, ತಾನು ಬ್ಯಾಟರಿ ಕಾರಿನ ಕಂಪನಿಯಲ್ಲಿ ಎಂಜಿನಿಯರು ಎಂದುಬಿಟ್ಟ. ಮುಗಿಯಿತು ಅವನ ಕಥೆ! "ಬ್ಯಾಟರಿ ಯಾಕಪ್ಪ, ತಂತಿ ಇರೋವಾಗ?" ಎಂದು ಶುರುವಾಯಿತು. ಈ ದೇಶದಲ್ಲಿ ಹತ್ತಾರು ಊರುಗಳಲ್ಲಿ ಓಡುತ್ತಿತ್ತು, ಶಿಕಾಗೋ, ಡೆಟ್ರಾಯಿಟ್, ಮಿಲ್ವಾಕಿ, ಇಂಡಿಯಾನಾಪೊಲಿಸ್. ಈಗ ಉಳಿದಿರುವುದು ನಾಲ್ಕೇ, ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೋ, ಫಿಲಡೆಲ್ಫಿಯಾ, ಡೇಟನ್. ಬಾಸ್ಟನ್ ಕಡೆಯದು ಮೊನ್ನೆ ಮೊನ್ನೆ ಹೋಯಿತು, ನಮ್ಮ ಮುಂಬಯಿಯದು ಯಾವತ್ತೋ ಹೋಯಿತು... ಸತ್ತವರ ಹೆಸರು ಹೇಳುವ ದನಿಯಲ್ಲಿ ಹೇಳುತ್ತ ಹೋದರು. ಐದು ಅಧ್ಯಾಯ ಮುಗಿದು ಮಂಗಳಾರತಿಯಾಗಿ ಪ್ರಸಾದ ಕೈಗೆ ಬಂದಾಗಲೂ ಆ ಹುಡುಗ ಇನ್ನೂ ಸಿನ್ಸಿನಾಟಿಯಲ್ಲೇ ಇದ್ದ.

ಈ ಪ್ರವಚನದ ಉದ್ದಕ್ಕೂ ಚಿಕ್ಕಮ್ಮ ಪಕ್ಕದಲ್ಲಿ ನಗುತ್ತ ಕೂತಿದ್ದರು. ಅವರ ಕೈ ಚಿಕ್ಕಪ್ಪನ ಕೈಯಲ್ಲಿ. ಯಾರಾದರೂ ಚಿಕ್ಕಮ್ಮನನ್ನು ಮಾತಾಡಿಸಿದರೆ ಉತ್ತರ ಚಿಕ್ಕಪ್ಪನದು. "ಆಂಟಿ, ಹೇಗಿದೀರ?" ಅಂದರೆ, "ಅವಳು ಚೆನ್ನಾಗಿದಾಳೆ, ನಿಮಗೆ ಕ್ಲೀವ್‌ಲ್ಯಾಂಡ್ ವಿಷಯ ಗೊತ್ತಾ?" ಎಂದು ಇವರು! ಹಿಂದೆ ಚಿಕ್ಕಮ್ಮ ಇಂಥವರಾಗಿರಲಿಲ್ಲ. ಗಂಡ ಒಂದು ವಾಕ್ಯ ಶುರುಮಾಡಿದರೆ ಅದನ್ನು ತಿದ್ದಿ, ಮೊಟಕು ಮಾಡಿ, "ಸಾಕು ನಿಲ್ಸಿ, ಜನಕ್ಕೆ ಕೆಲಸ ಇದೆ" ಎನ್ನುತ್ತಿದ್ದ ಹೆಂಗಸು. ಈಗ ತುಟಿ ಬಿಚ್ಚುತ್ತಿರಲಿಲ್ಲ. ಪಾಪ, ಇಂಥ ಗಂಡನನ್ನು ಕಟ್ಟಿಕೊಂಡು ಮಾತಿನ ಮೇಲೇ ವೈರಾಗ್ಯ ಬಂದಿದೆ ಎಂದು ಅಡುಗೆಮನೆಯಲ್ಲಿ ನಾವು ಹೆಂಗಸರೆಲ್ಲ ತೀರ್ಮಾನ ಮಾಡಿದೆವು. ಆ ತೀರ್ಮಾನಕ್ಕೆ ಮೊದಲು ಕೈ ಎತ್ತಿದವಳು ನಾನೇ.

ಕಳೆದ ನವೆಂಬರಿನಲ್ಲಿ ಅವರಿಬ್ಬರನ್ನೂ ನನ್ನ ಮಗಳನ್ನೂ ಕರೆದುಕೊಂಡು ಶಿಕಾಗೋದ ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂಗೆ ಸಾಮಾನು ತರಲು ಹೋಗಿದ್ದೆ. ಪಾರ್ಕಿಂಗ್ ಹುಡುಕುವುದಕ್ಕೆ ನಲವತ್ತು ನಿಮಿಷ, ಕರಿಬೇವು ಕೊಳ್ಳುವುದಕ್ಕೆ ನಾಲ್ಕು ನಿಮಿಷ, ಅದು ಅಲ್ಲಿನ ಸಂಪ್ರದಾಯ. ವಾಪಸು ಬರುವಾಗ ಚಿಕ್ಕಪ್ಪ ಹೈವೇ ಬೇಡ, ಪುಲಾಸ್ಕಿ ರಸ್ತೆ ಹಿಡಿ ಎಂದು ಹಟ ಹಿಡಿದರು. ಮಟಮಟ ಮಧ್ಯಾಹ್ನ ಕಳೆದು ಇನ್ನೂ ನಾಲ್ಕು ಗಂಟೆ ಆಗಿರಲಿಲ್ಲ. ಆದರೂ ಸರೋವರದ ಕಡೆಯಿಂದ ಮಂಜು ಬಂದು ರಸ್ತೆಯೆಲ್ಲ ಹಾಲಿನಲ್ಲಿ ಅದ್ದಿದ ಹಾಗಿತ್ತು. ಒಂದು ಮೂಲೆ ಬಂದ ಕೂಡಲೇ, "ನಿಲ್ಸು, ನಿಲ್ಸು!" ಎಂದರು. ನಿಲ್ಲಿಸಿದೆ. ಚಿಕ್ಕಮ್ಮನ ಕೈ ಹಿಡಿದು ಇಳಿಸಿಕೊಂಡು ಬಸ್ ಸ್ಟಾಪಿನಲ್ಲಿ ಹೋಗಿ ನಿಂತೇಬಿಟ್ಟರು. ಮಗಳನ್ನು ಕಾರಿನಲ್ಲಿ ಬಿಟ್ಟು ನಾನೂ ಇಳಿದೆ.

"ನೋಡು, ಈ ಕಬ್ಬಿಣದ ಕಂಬ ನೋಡು" ಎಂದು ತಲೆ ಎತ್ತಿಸಿದರು. "ತಂತಿ ಹೊತ್ತಿದ್ದು ಇದೇ. ತಂತಿ ಬಿಚ್ಕೊಂಡು ಹೋದ್ರು. ಇದಕ್ಕೆ ಯಾರೂ ಹೇಳೇ ಇಲ್ಲ. ಇನ್ನೂ ನಿಂತಿದೆ ಪಾಪ."

ಅಷ್ಟರಲ್ಲಿ ನಿಜವಾದ ಬಸ್ಸೊಂದು, ಡೀಸೆಲ್ಲಿನದು, ಉಸ್ಸೆಂದು ಬಂದು ಬಾಗಿಲು ತೆರೆಯಿತು. ಚಿಕ್ಕಪ್ಪ ಇದಲ್ಲ, ನಾವು ಇನ್ನೊಂದಕ್ಕೆ ಕಾಯುತ್ತಿದ್ದೇವೆ ಎಂದರು. ಇಲ್ಲಿಗೆ ಬೇರೆ ಯಾವುದೂ ಬರುವುದಿಲ್ಲವಲ್ಲ ಸಾರ್ ಎಂದ ಡ್ರೈವರು. "ಗೊತ್ತು" ಎಂದರು ಚಿಕ್ಕಪ್ಪ, ಬಹಳ ಮೆಲ್ಲಗೆ. ಡ್ರೈವರು ನನ್ನ ಕಡೆ ನೋಡಿದ. ನಾನು ಅಂಗಡಿಯ ಬೋರ್ಡು ಓದುವುದರಲ್ಲಿ ಮಗ್ನಳಾದೆ.

ಬಸ್ಸು ಹೋಯಿತು. ರಸ್ತೆ ಖಾಲಿ. ಆಗ ನಡೆದದ್ದನ್ನು ಬರೆಯುವಾಗ ಈಗಲೂ ನನ್ನ ತೋಳಿನ ರೋಮ ನಿಲ್ಲುತ್ತದೆ. ಚಿಕ್ಕಮ್ಮ ಒಂದು ಹೆಜ್ಜೆ ಮುಂದೆ ಬಂದು ಬಸ್ಸು ನಿಲ್ಲಿಸುವವರ ಹಾಗೆ ಕೈ ಎತ್ತಿದರು. ಒಂದು ತಣ್ಣನೆಯ ಗಾಳಿ ನಮ್ಮನ್ನು ಸವರಿಕೊಂಡು ಹೋಗಿ ಅವರ ಶಾಲಿನ ಅಂಚು ಅಲ್ಲಾಡಿತು. ಅವರು ಮೇಲೆ ನೋಡಿ ಯಾರಿಗೋ ತಲೆಯಾಡಿಸಿದರು. ಆಮೇಲೆ ಪಕ್ಕಕ್ಕೆ ಸರಿದು, ಇಳಿಯುವವರಿಗೆ ದಾರಿ ಬಿಟ್ಟರು. ಒಬ್ಬರು, ಇಬ್ಬರು, ಮೂವರು. ಅವರ ಕಣ್ಣು ಒಬ್ಬೊಬ್ಬರನ್ನೇ ಹಿಂಬಾಲಿಸುತ್ತಿತ್ತು. ಅಲ್ಲಿ ಯಾರೂ ಇಳಿಯಲಿಲ್ಲ, ಅಥವಾ ನನಗೆ ಕಾಣಲಿಲ್ಲ.

"ಇದು ತುಂಬಾ ರಶ್ಶು. ಮುಂದಿನದಕ್ಕೆ ಹೋಗೋಣ" ಎಂದು ಚಿಕ್ಕಪ್ಪ ಅವರ ಭುಜ ಹಿಡಿದು ಕಾರಿಗೆ ತಿರುಗಿಸಿದರು.

"ಅಮ್ಮಾ, ಹೂ ಆರ್ ದೇ ಲುಕಿಂಗ್ ಅಟ್?" ಎಂದಳು ಮಗಳು, ಬಿಳಿಚಿಕೊಂಡ ಮುಖದಲ್ಲಿ.

"ಸೀಟ್ ಬೆಲ್ಟ್ ಹಾಕ್ಕೋ" ಎಂದೆ. ಇಂಥ ಹೊತ್ತಿನಲ್ಲಿ ತಾಯಂದಿರು ಬೇರೆ ಏನು ತಾನೇ ಹೇಳಿಯಾರು? ಗಂಡನ ಹುಚ್ಚು ಕೊನೆಗೂ ಹೆಂಡತಿಗೆ ಅಂಟಿತಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಚಿಕ್ಕಪ್ಪನನ್ನು ಬೈದುಕೊಂಡೆ.

ಆಮೇಲೆ ಜನವರಿ. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ಹುಳಿಪುಡಿ ಕೊಟ್ಟುಬರೋಣವೆಂದು ಒಂದು ಮಧ್ಯಾಹ್ನ ಹೇಳದೆ ಕೇಳದೆ ಡೌನರ್ಸ್ ಗ್ರೋವ್‌ಗೆ ಹೋದೆ. ಮುಂಬಾಗಿಲಿಗೆ ಒಳಗಿನಿಂದ ದೇವರಮನೆಯ ಗಂಟೆ ಕಟ್ಟಿದ್ದರು. ನನ್ನ ಹತ್ತಿರ ಇದ್ದ ಬೀಗದ ಕೈಯಿಂದ ತೆಗೆದರೆ ಢಣ್ ಎಂದಿತು, ಯಾರೂ ಬರಲಿಲ್ಲ. ಮನೆಯಲ್ಲಿ ಜನವಿಲ್ಲ, ದೀಪ ಮಾತ್ರ ಎಲ್ಲ ಕೋಣೆಯಲ್ಲೂ ಉರಿಯುತ್ತಿತ್ತು. ಅಡುಗೆಮನೆಗೆ ಬಂದರೆ ಒಲೆಯ ನಾಬ್‌ಗಳು ಒಂದೂ ಇಲ್ಲ, ಹಲ್ಲು ಕಿತ್ತ ಬಾಯಿಯ ಹಾಗೆ. ಹಿತ್ತಲಿನಿಂದ ಒಂದು ದನಿ ಬರುತ್ತಿತ್ತು. ಊಂ... ನಿಂತಿತು. ಮತ್ತೆ ಊಂ...

ಕಿಟಕಿಯಿಂದ ನೋಡಿದೆ. ಹಿಮ ಬಿದ್ದ ಹಿತ್ತಲಿನಲ್ಲಿ, ಮನೆಯ ಗೋಡೆಯಿಂದ ಮೇಪಲ್ ಮರಕ್ಕೆ ಒಂದು ಜೋಡಿ ತಂತಿ. ಅದರ ಕೆಳಗೆ ಒಂದರ ಹಿಂದೊಂದು ನಾಲ್ಕು ಕುರ್ಚಿ. ಮೊದಲನೆಯದರಲ್ಲಿ ಚಿಕ್ಕಮ್ಮ, ದಪ್ಪ ಕೋಟು, ಟೋಪಿ, ತೊಡೆಯ ಮೇಲೆ ಹ್ಯಾಂಡ್‌ಬ್ಯಾಗು, ಪಕ್ಕಕ್ಕೆ ತಿರುಗಿ ಏನನ್ನೋ ನೋಡುತ್ತಿದ್ದಾರೆ, ಓಡುವ ಬಸ್ಸಿನ ಕಿಟಕಿಯಿಂದ ನೋಡುವವರ ಹಾಗೆ. ಹಿಂದೆ ಚಿಕ್ಕಪ್ಪ ನಿಂತುಕೊಂಡು ಬಾಯಲ್ಲಿ ಮೋಟಾರು ಓಡಿಸುತ್ತಿದ್ದಾರೆ! ಎಪ್ಪತ್ತೈದು ದಾಟಿದ ಮನುಷ್ಯ! ನನಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಯಾಕೆಂದರೆ ಉಳಿದ ಮೂರು ಖಾಲಿ ಕುರ್ಚಿಗಳ ಮೇಲೂ ಹಿಮವನ್ನು ಚೊಕ್ಕವಾಗಿ ಒರೆಸಿದ್ದರು.

"ಅವು ಯಾರಿಗೆ ಚಿಕ್ಕಪ್ಪ?" ಎಂದು ಅವರು ಒಳಗೆ ಬಂದ ಮೇಲೆ ಕೇಳಿದೆ.

"ಮಿಕ್ಕ ಪ್ಯಾಸೆಂಜರ್‌ಗಳು ಒದ್ದೆ ಕುರ್ಚಿ ಮೇಲೆ ಕೂತ್ಕೊಳಕ್ಕಾಗತ್ತೇನೇ?" ಎಂದು ನನಗೇ ಗದರಿದರು.

ನಾನು ಹೊರಟಾಗ ಪಕ್ಕದ ಮನೆಯ ಅಮೆರಿಕನ್ ಅಜ್ಜಿ ಬೇಲಿಯಾಚೆಯಿಂದ ನನ್ನನ್ನು ಕರೆದು, ದಿನಾ ಇದೇ ಹೊತ್ತಿಗೆ ನಡೆಯುತ್ತದೆ, ಇದು ನಿಮ್ಮ ಧರ್ಮದ ಆಚರಣೆಯಂತೆ, ಹೌದೇ ಎಂದು ಬಹಳ ಗೌರವದಿಂದ ವಿಚಾರಿಸಿದಳು. ಹಾಗೆಂದು ಚಿಕ್ಕಪ್ಪ ಆಗಲೇ ಹೇಳಿಯಾಗಿತ್ತಂತೆ. ಅವಳು ಆ ಹೊತ್ತಿನಲ್ಲಿ ಟಿವಿ ಸದ್ದು ಕಡಿಮೆ ಮಾಡುತ್ತಿದ್ದಳಂತೆ.

ಇಷ್ಟಾದ ಮೇಲೆ ನಾನು ಮಾಡಿದ ಕೆಲಸ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮರುದಿನ ಮತ್ತೆ ಹೋಗಿ, ಕಿಟಕಿಯಿಂದ ಕದ್ದು ವಿಡಿಯೋ ತೆಗೆದು ತಂಗಿಗೆ ಕಳಿಸಿದೆ. ಐದು ನಿಮಿಷದಲ್ಲಿ ಅವಳ ಫೋನು.

"ಅಕ್ಕಾ, ಅಪ್ಪಂಗೆ ಪೂರ್ತಿ ಹೋಗ್ಬಿಟ್ಟಿದೆ" ಎಂದು ಅತ್ತಳು. "ಅಮ್ಮನ್ನ ಚಳೀಲಿ ಹಾಗೆ ಕೂರಿಸಿದಾರಲ್ಲ! ನಾನು ಇಲ್ಲೊಂದು ಜಾಗ ನೋಡಿದೀನಿ. ಮೆಮೊರಿ ಪ್ರಾಬ್ಲಂ ಇರೋರಿಗೆ ಅಂತಾನೇ. ಬಾಗಿಲಿಗೆ ಕೋಡ್ ಇರತ್ತೆ, ಹೊರಗೆ ಹೋಗಕ್ಕಾಗಲ್ಲ. ಅಪ್ಪನ್ನ ಅಲ್ಲಿಗೆ ಸೇರಿಸಿ ಅಮ್ಮನ್ನ ನನ್ನ ಹತ್ರ ಇಟ್ಕೋತೀನಿ. ಅಮ್ಮ ಅನುಭವಿಸಿದ್ದು ಸಾಕು. ಡಾಕ್ಟರ್ ಒಂದು ಸಲ ನೋಡಿ ಬರೆದುಕೊಟ್ರೆ ರೂಮ್ ಕೊಡ್ತಾರಂತೆ."

ಅಂದರೆ ಐವತ್ತು ವರ್ಷ ಜೊತೆಗಿದ್ದವರನ್ನು ಬೇರೆ ಬೇರೆ ಬಾಗಿಲಿನ ಹಿಂದೆ ಇಡುವುದು. ಅದನ್ನು ನಾನು ಹಾಗೆ ಬಿಡಿಸಿ ಯೋಚಿಸಲಿಲ್ಲ. ಅದೇ ಸರಿ ಎಂದೆ. ಮೊಮ್ಮಗುವಿನ ಹುಟ್ಟುಹಬ್ಬ ಎಂದು ಸುಳ್ಳು ಹೇಳಿ ಮಾರ್ಚಿನಲ್ಲಿ ಇಬ್ಬರನ್ನೂ ಕಾರಿನಲ್ಲಿ ನೋವೈಗೆ ಹೊರಡಿಸಿದವಳೂ ನಾನೇ. ಐದು ಗಂಟೆಯ ದಾರಿ. ಡೆಟ್ರಾಯಿಟ್‌ನಲ್ಲಿ ಗ್ರ್ಯಾಂಡ್ ರಿವರ್ ರಸ್ತೆಯಲ್ಲಿ ಟ್ರಾಲಿಬಸ್ ಓಡುತ್ತಿದ್ದುದನ್ನು ಚಿಕ್ಕಪ್ಪ ವಿವರಿಸುತ್ತ ಬಂದರು. ನಾನು ಹೂಂಗುಡುತ್ತ ಬಂದೆ. ಮೋಸ ಮಾಡುವವರು ಹೂಂಗುಡುವುದರಲ್ಲಿ ಧಾರಾಳಿಗಳು.

ಡಾಕ್ಟರು ಗದಗಿನ ಕಡೆಯ ಮುಸ್ಲಿಮರು, ತಂಗಿಗೆ ಪರಿಚಯದವರು. ಸುಮ್ಮನೆ ಚೆಕಪ್ ಎಂದು ಒಳಗೆ ಕರೆದುಕೊಂಡು ಹೋದೆವು. ಚಿಕ್ಕಮ್ಮನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದೆವು. ಡಾಕ್ಟರು ಐದು ಪದ ಹೇಳಿ ನೆನಪಿಡಿ ಎಂದರು. ಗಡಿಯಾರ ಬರೆಸಿದರು. ಆಮೇಲೆ, "ಅಂಕಲ್, ನೂರರಾಗ ಏಳು ಏಳು ಕಳೀತ ಹೋಗ್ರಿ ನೋಡೋಣು" ಎಂದರು.

"ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು..." ಚಿಕ್ಕಪ್ಪ ಎಲ್ಲೂ ನಿಲ್ಲದೆ ಎರಡಕ್ಕೆ ಬಂದು ಮುಟ್ಟಿದರು. "ಇನ್ನು ಮೈನಸ್‌ಗೆ ಹೋಗ್ಲಾ?"

"ಸಾಕ್ರೀಪಾ! ನಿಮ್ಮ ತಲಿ ನನ್ನ ತಲಿಗಿಂತ ಚಲೋ ಐತಿ" ಎಂದು ಡಾಕ್ಟರು ನಕ್ಕರು. ಐದು ಪದಗಳನ್ನೂ ಚಿಕ್ಕಪ್ಪ ಮೊದಲಿಂದ ಕೊನೆಗೂ ಕೊನೆಯಿಂದ ಮೊದಲಿಗೂ ಒಪ್ಪಿಸಿದರು. ತಂಗಿ ನನ್ನ ಮುಖ ನೋಡಿದಳು.

"ಮತ್ತ ಆ ಬಸ್ಸು ನಿಂತು ಎಷ್ಟು ವರ್ಷ ಆತ್ರಿ?"

"ಐವತ್ತು ದಾಟಿತು."

"ಇನ್ನ ಬರತೈತೇನ್ರಿ ಅದು?"

"ಇಲ್ಲ ಡಾಕ್ಟ್ರೇ. ಎಲ್ಲಿಂದ ಬರತ್ತೆ?"

"ಹಂಗಾರ ಯಾಕ ಕಾಯ್ತೀರಿ?"

ಚಿಕ್ಕಪ್ಪ ಮೂಲೆಯ ಕಡೆ ಒಮ್ಮೆ ನೋಡಿದರು. ತಲೆ ತಗ್ಗಿಸಿದರು. ಆಗ ಮೂಲೆಯಲ್ಲಿ ಕುರ್ಚಿ ಕಿರ್ ಎಂದಿತು. ಚಿಕ್ಕಮ್ಮ ಎದ್ದು ನಿಂತು ಹ್ಯಾಂಡ್‌ಬ್ಯಾಗು ಭುಜಕ್ಕೆ ಏರಿಸಿದ್ದರು.

"ಹೊತ್ತಾಯ್ತು" ಎಂದರು, ಸ್ಪಷ್ಟವಾಗಿ, ಎಳೆಯ ದನಿಯಲ್ಲಿ. ಆ ದನಿ ನಾನು ಯಾವತ್ತೂ ಕೇಳಿದ್ದಲ್ಲ. "ಪುಲಾಸ್ಕಿ ಬಸ್ಸು ಹೊರಟೋಗತ್ತೆ. ಅವರು ಮನೇಲಿ ಕಾಯ್ತಿರ್ತಾರೆ."

"ಯಾರ್ರಿ ಆಂಟಿ, ಕಾಯಾವ್ರು?" ಎಂದು ಡಾಕ್ಟರು ಮೆತ್ತಗೆ ಕೇಳಿದರು.

"ನಮ್ಮೆಜಮಾನರು. ಹೊಸ ಊರು, ನಾನು ತಡವಾದ್ರೆ ಗಾಬರಿ ಆಗ್ತಾರೆ."

ಯಜಮಾನರು ಮೂರು ಅಡಿ ದೂರದಲ್ಲಿ ನಿಂತಿದ್ದರು. ಚಿಕ್ಕಮ್ಮನ ಕಣ್ಣು ಅವರ ಮೇಲೆ ಹಾದು, ಗುರುತಿಲ್ಲದವರ ಮೇಲೆ ಹಾಯುವ ಹಾಗೆ ಹಾದು, ಬಾಗಿಲಿಗೆ ಹೋಯಿತು. ಚಿಕ್ಕಪ್ಪ ಚಿಕ್ಕಮ್ಮನ ಕೋಟು ಎತ್ತಿಕೊಂಡು ಅವರಿಗೆ ತೋಳು ತೊಡಿಸುತ್ತ, "ಬನ್ನಿ ಮೇಡಂ, ಸ್ಟಾಪಿನ ತನಕ ನಾನೂ ಬರ್ತೀನಿ. ಇವತ್ತು ಬಸ್ಸು ಸ್ವಲ್ಪ ಲೇಟು" ಎಂದರು. ಸ್ವಂತ ಹೆಂಡತಿಗೆ ಬಹುವಚನ! ತಂಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಹೊರಗಿನ ಕಾರಿಡಾರಿನಲ್ಲಿ, ಚಿಕ್ಕಮ್ಮನನ್ನು ತಂಗಿ ಕೂರಿಸಿಕೊಂಡಿದ್ದಾಗ, ಚಿಕ್ಕಪ್ಪ ನನಗೆ ಹೇಳಿದರು. ಮದುವೆಯಾಗಿ ಬಂದ ಮೊದಲ ಚಳಿಗಾಲ ಚಿಕ್ಕಮ್ಮನಿಗೆ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮಧ್ಯಾಹ್ನ ಕೆಲಸ ಮುಗಿಸಿ ಪುಲಾಸ್ಕಿ ಟ್ರಾಲಿಬಸ್ಸಿನಲ್ಲಿ ಮನೆಗೆ ಬರುತ್ತಿದ್ದರಂತೆ. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಮನೆಗೆ ಹೋಗಬೇಕೆಂದು ಬ್ಯಾಗು ಹಾಕಿಕೊಂಡು ಹಿಮದಲ್ಲಿ ಹೊರಟುಬಿಟ್ಟರಂತೆ. ಶಿಕಾಗೋದಲ್ಲಿ ಅವರನ್ನು ನೋಡುವ ಡಾಕ್ಟರಿಗೆ ಎಲ್ಲ ಗೊತ್ತು. ಗೊತ್ತಿಲ್ಲದ್ದು ನಮಗೆ.

"ಇದೇ ನಿನ್ನ ಮನೆ ಅಂದ್ರೆ ಹೆದರ್ಕೋತಾಳೆ. ಬಸ್ಸು ಬರತ್ತೆ ಕಾಯೋಣ ಅಂದ್ರೆ ಸಮಾಧಾನ. ಅವಳು ಬಸ್ಸಿನ ಬಗ್ಗೆ ಏನೇನೋ ಕೇಳ್ತಾಳೆ ಕಣೇ. ಉತ್ತರ ಹೇಳಕ್ಕೆ ನಾನು ಓದ್ಕೋಬೇಕಾಯ್ತು."

"ನಮಗೆ ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ? ಎಲ್ಲರೂ ನಿಮ್ಮನ್ನ ಹುಚ್ಚ ಅಂತ..."

"ಅನ್ಲಿ ಬಿಡು. ನಿಮ್ಮ ಚಿಕ್ಕಮ್ಮ ಎಂಥ ಜೋರಿನವಳು ನಿಂಗೊತ್ತಲ್ಲ. ಅವಳನ್ನ ನೋಡಿ ಜನ ಪಾಪ ಅನ್ನೋದು ನಂಗೆ ಬೇಡ. ನನ್ನ ನೋಡಿ ನಕ್ಕೊಳ್ಲಿ." ಆಮೇಲೆ, "ಆ ಬಸ್ಸಲ್ಲಿ ಒಂದೊಂದ್ಸಲ ಕೋಲು ತಂತಿಯಿಂದ ಜಾರ್ಬಿಡ್ತಿತ್ತು. ದೀಪ ಎಲ್ಲ ಆರ್ಹೋಗದು. ಬಸ್ಸು ಕೆಟ್ಟಿಲ್ಲ, ಬರೀ ತಂತಿ ತಪ್ಪಿರೋದು. ಡ್ರೈವರ್ ಇಳಿದು ಹಿಂದೆ ಹೋಗಿ, ಹಗ್ಗ ಹಿಡಿದು, ಕೋಲನ್ನ ತಂತಿಗೆ ಕೂರಿಸೋನು. ಅಲ್ಲಿ ತನಕ ಎಲ್ಲರೂ ಕತ್ತಲೇಲಿ ಕೂತಿರ್ತಿದ್ರು. ಯಾರೂ ಇಳಿದು ಹೋಗ್ತಿರ್ಲಿಲ್ಲ ಕಣಮ್ಮ" ಎಂದರು.

ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಇಂಥ ಮನುಷ್ಯನನ್ನು ಬೀಗದ ಬಾಗಿಲಿನ ಹಿಂದೆ ಕೂಡಿಹಾಕಲು ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದೆನಲ್ಲ!

ಆ ಕೋಣೆ ಬೇಡವೆಂದು ತಂಗಿ ಪಾರ್ಕಿಂಗ್‌ನಲ್ಲಿ ನಿಂತೇ ಫೋನ್ ಮಾಡಿದಳು. ಚಿಕ್ಕಮ್ಮ ಆಗಲೂ ಬಸ್ಸು ಬಸ್ಸು ಎಂದು ಕೈ ಹಿಸುಕಿಕೊಳ್ಳುತ್ತಿದ್ದರು. ತಂಗಿಯದು ಬ್ಯಾಟರಿ ಕಾರು. ಅವಳು ಹಿಂದಿನ ಬಾಗಿಲು ತೆರೆದು ನಿಂತಳು. ಚಿಕ್ಕಮ್ಮ ಒಂದು ಗಳಿಗೆ ನೋಡಿ, ಹತ್ತಿ, ಕಿಟಕಿಯ ಪಕ್ಕ ಕೂತರು. ಅವರ ಪಕ್ಕ ನಾನು. ಚಿಕ್ಕಪ್ಪ ಮುಂದೆ. ಕಾರು ಸದ್ದಿಲ್ಲದೆ ಗ್ರ್ಯಾಂಡ್ ರಿವರ್ ರಸ್ತೆಗೆ ಇಳಿಯಿತು.

ಎರಡು ಸಿಗ್ನಲ್ ದಾಟಿದ ಮೇಲೆ ಚಿಕ್ಕಮ್ಮ ನನ್ನ ಕಡೆ ತಿರುಗಿದರು. ಊರಿಗೆ ಬಂದಾಗಲೆಲ್ಲ ನನ್ನನ್ನು ಎತ್ತಿ ಆಡಿಸಿದವರು, ನನ್ನ ಬಾಣಂತನ ಮಾಡಿದವರು.

"ನೀವು ಎಲ್ಲಿ ಇಳೀಬೇಕು?" ಎಂದು ಕೇಳಿದರು.

"ನಿಮ್ಮ ಸ್ಟಾಪೇ" ಎಂದೆ.

"ಹಾಗಾದ್ರೆ ನಮ್ಮನೇಗೆ ಬಂದು ಕಾಫಿ ಕುಡಿದು ಹೋಗಿ. ನಮ್ಮೆಜಮಾನರು ಇರ್ತಾರೆ" ಎಂದರು. ಆಮೇಲೆ ನನ್ನ ಕಡೆ ಬಾಗಿ, ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು. "ತುಂಬಾ ಒಳ್ಳೆಯವರು. ಮಾತು ಸ್ವಲ್ಪ ಜಾಸ್ತಿ, ಅಷ್ಟೇ."

ಮುಂದಿನ ಸೀಟಿನಲ್ಲಿದ್ದ ಚಿಕ್ಕಪ್ಪ ಮನೆ ಮುಟ್ಟುವವರೆಗೂ ಒಂದು ಮಾತೂ ಆಡಲಿಲ್ಲ.